ಬೆಳೆಯುವ ಹುಡುಗನ ಅಂಗಿ

ಅಂಚೆಯ ಮೂಲಕ ಸರಕು ಮಾರುವ ಅಂಗಡಿಯೊಂದು ತನ್ನಲ್ಲಿರುವ ವಸ್ತುಗಳ ಚಿತ್ರ, ಬೆಲೆ, ಅಳತೆ, ವರ್ಣನೆಗಳನ್ನು ಅಚ್ಚು ಹಾಕಿಸಿ ಗಿರಾಕಿಗಳ ಮನೆಗೆ ಕಳಿಸುವ ಪುಸ್ತಕಕ್ಕೆ ಕ್ಯಾಟಲಾಗ್ ಎಂದು ಹೆಸರು. ಅಮೆರಿಕದ ಹಳ್ಳಿಗಾಡಿನಲ್ಲಿ ನೂರು ವರ್ಷಗಳಿಗೂ ಹೆಚ್ಚು ಕಾಲ ಒಕ್ಕಲು ಮನೆಗಳಿಗೆ ಬರುತ್ತಿದ್ದ ಈ ಪುಸ್ತಕಗಳು ಇಂದು ಉಡುಪಿನ ಇತಿಹಾಸ ಬರೆಯುವವರಿಗೆ ಬಹು ದೊಡ್ಡ ಆಕರವಾಗಿವೆ. ವಸ್ತುಸಂಗ್ರಹಾಲಯಗಳಲ್ಲಿ ಸಾಮಾನ್ಯವಾಗಿ ಉಳಿಯುವುದು ಸಿರಿವಂತರು ಒಂದೆರಡು ಸಲ ತೊಟ್ಟು ಮಡಿಚಿಟ್ಟ ಉಡುಪು. ದಿನವೂ ತೊಟ್ಟು, ಒಗೆದು, ಹರಿದು, ತೇಪೆ ಹಾಕಿಸಿಕೊಂಡ ಬಟ್ಟೆ, ಅದರಲ್ಲೂ ಮರ ಹತ್ತಿ ಹಳ್ಳಕ್ಕೆ ಹಾರುವ ಹುಡುಗರ ಬಟ್ಟೆ, ಉಳಿಯುವುದು ತೀರ ಅಪರೂಪ. ಆದ್ದರಿಂದ 1897ರಲ್ಲಿಯೋ 1922ರಲ್ಲಿಯೋ ಏಳು ವರ್ಷದ ರೈತನ ಮಗನೊಬ್ಬ ಏನು ತೊಟ್ಟಿದ್ದಿರಬಹುದು ಎಂದು ತಿಳಿಯಬೇಕಾದರೆ ಅಲ್ಲಿಯ ಸಂಶೋಧಕರು ಆ ವರ್ಷದ ಕ್ಯಾಟಲಾಗನ್ನು ತೆರೆದು ನೋಡುತ್ತಾರೆ. ಧಾರವಾಡ ಜಿಲ್ಲೆಯ ನವಲಗುಂದ ತಾಲೂಕಿನಲ್ಲಿ ಬೆಣ್ಣೆಹಳ್ಳದ ದಂಡೆಯ ಮೇಲಿರುವ ಯಮನೂರಿನಂಥ ಊರಿನ ಹುಡುಗನ ಬಗ್ಗೆ ಇದೇ ಪ್ರಶ್ನೆ ಕೇಳಿದರೆ ತೆರೆದು ನೋಡಲು ಅಂಥ ಪುಸ್ತಕವಿಲ್ಲ. ಉತ್ತರವನ್ನು ಬೇರೆ ಕಡೆ, ಊರ ದರ್ಜಿಗಳಾದ ಶಿಂಪಿಗರ ಅಳತೆಯ ನೋಟುಪುಸ್ತಕಗಳಲ್ಲಿ, ಅಜ್ಜಿಯರ ಟ್ರಂಕುಗಳಲ್ಲಿ, ಹಳೆಯ ಬಟ್ಟೆಯಿಂದ ಹೊಲಿದ ಕೌದಿಯ ಚೂರುಗಳಲ್ಲಿ ಹುಡುಕಬೇಕಾಗುತ್ತದೆ. ಈ ಆಕರಗಳು ಕ್ಯಾಟಲಾಗಿಗಿಂತ ಕಡಿಮೆ ಬೆಲೆಯವೇನಲ್ಲ.

1872ರಲ್ಲಿ ಶಿಕಾಗೋ ನಗರದ ಆರನ್ ಮಾಂಟ್ಗೊಮರಿ ವಾರ್ಡ್ ಎಂಬ ವ್ಯಾಪಾರಿ ಒಂದೇ ಹಾಳೆಯ ಬೆಲೆಪಟ್ಟಿಯನ್ನು ಅಚ್ಚು ಹಾಕಿಸಿ, ಗ್ರೇಂಜ್ ಎಂಬ ರೈತ ಸಂಘಟನೆಯ ಬೆಂಬಲದೊಂದಿಗೆ ಹಳ್ಳಿಗಳಿಗೆ ಕಳಿಸಿದಾಗ ಈ ವ್ಯಾಪಾರ ಬೇರೂರಿತು. ಜೇಬುಗಡಿಯಾರಗಳನ್ನು ಮಾರುತ್ತಿದ್ದ ರಿಚರ್ಡ್ ಸಿಯರ್ಸ್ ಎಂಬುವನು ಆಲ್ವಾ ರೋಬಕ್ ಜೊತೆಗೂಡಿ ಕಟ್ಟಿದ ಸಿಯರ್ಸ್ ರೋಬಕ್ ಕಂಪನಿಯಲ್ಲಿ, 1895ರಲ್ಲಿ ಗಂಡಸರ ಸಿದ್ಧ ಉಡುಪು ತಯಾರಿಸುತ್ತಿದ್ದ ಜೂಲಿಯಸ್ ರೋಸನ್‌ವಾಲ್ಡ್ ಪಾಲುದಾರನಾದ ಮೇಲೆ ಕ್ಯಾಟಲಾಗಿನಲ್ಲಿ ಬಟ್ಟೆಯ ಪುಟಗಳು ಉಬ್ಬುತ್ತ ಹೋದವು. 1897ರ ಸಿಯರ್ಸ್ ಕ್ಯಾಟಲಾಗು ಏಳುನೂರಕ್ಕೂ ಹೆಚ್ಚು ಪುಟಗಳದು. 1896ರಲ್ಲಿ ಹಳ್ಳಿಯ ಮನೆ ಬಾಗಿಲಿಗೇ ಉಚಿತವಾಗಿ ಟಪಾಲು ತಲುಪಿಸುವ ವ್ಯವಸ್ಥೆಯೂ, 1913ರ ಜನವರಿ 1ರಂದು ಸರ್ಕಾರಿ ಪಾರ್ಸೆಲ್ ಅಂಚೆಯೂ ಆರಂಭವಾದಾಗ ಊರ ಕಿರಾಣಿ ಅಂಗಡಿಯ ಮೇಲಿನ ಅವಲಂಬನೆ ಸಡಿಲವಾಯಿತು. ದಕ್ಷಿಣದ ರಾಜ್ಯಗಳಲ್ಲಿ ವರ್ಣಭೇದದ ಅಂಗಡಿಕಾರರ ಮುಂದೆ ಕೊನೆಯ ಗಿರಾಕಿಯಾಗಿ ನಿಲ್ಲಬೇಕಾಗಿದ್ದ ಕರಿಯ ರೈತರಿಗೆ ಬಿಳಿಯರ ಮಕ್ಕಳು ತೊಡುವ ಅದೇ ಅಂಗಿಯನ್ನು ಅದೇ ಬೆಲೆಗೆ ತಮ್ಮ ಮಕ್ಕಳಿಗೂ ತರಿಸಿಕೊಳ್ಳುವ ದಾರಿಯಾಗಿ ಈ ಪುಸ್ತಕ ಒದಗಿತು ಎಂಬುದು ವ್ಯಾಪಾರದ ಇತಿಹಾಸಕ್ಕಿಂತ ದೊಡ್ಡ ಸಂಗತಿ.

ಕ್ಯಾಟಲಾಗಿನ ಹುಡುಗರ ಪುಟಗಳು ವಯಸ್ಸಿನ ಏಣಿಯಂತೆ ಜೋಡಣೆಗೊಂಡಿರುತ್ತಿದ್ದವು. ಹುಟ್ಟಿದ ಕೂಸಿನಿಂದ ಸುಮಾರು ನಾಲ್ಕೈದು ವರ್ಷದವರೆಗೆ ಗಂಡಿಗೂ ಹೆಣ್ಣಿಗೂ ಒಂದೇ ಬಗೆಯ ಲಂಗದಂಥ ನಿಲುವಂಗಿ. ಮುಂದೆ ಅಧ್ಯಕ್ಷರಾದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಎರಡು ವರ್ಷದವರಿದ್ದಾಗ 1884ರಲ್ಲಿ ತೆಗೆಸಿದ ಚಿತ್ರದಲ್ಲಿ ಉದ್ದ ಕೂದಲು ಬಿಟ್ಟು ಬಿಳಿಯ ಫ್ರಾಕು ತೊಟ್ಟು ಕುಳಿತಿರುವುದನ್ನು ಕಾಣಬಹುದು. ಆ ಬಳಿಕ ಮೊದಲ ಸಲ ಚಡ್ಡಿ ತೊಡಿಸುವ ದಿನ ಮನೆಯಲ್ಲಿ ಒಂದು ಸಣ್ಣ ಹಬ್ಬವೇ ಆಗಿರುತ್ತಿತ್ತು. ಮೂರರಿಂದ ಎಂಟು ವರ್ಷದವರ ಪುಟದಲ್ಲಿ ನಾವಿಕರ ಅಂಗಿ ಕಾಣುತ್ತದೆ: ಬೆನ್ನ ಮೇಲೆ ಚೌಕಾಕಾರವಾಗಿ ಇಳಿಬಿದ್ದ ಕಾಲರು, ಅದರ ಅಂಚಿಗೆ ಬಿಳಿಯ ಪಟ್ಟಿ. 1846ರಲ್ಲಿ ವಿಂಟರ್‌ಹಾಲ್ಟರ್ ಎಂಬ ಚಿತ್ರಕಾರ ಇಂಗ್ಲೆಂಡಿನ ರಾಣಿ ವಿಕ್ಟೋರಿಯಾಳ ಎಳೆಯ ಮಗನನ್ನು ನಾವಿಕನ ಉಡುಪಿನಲ್ಲಿ ಚಿತ್ರಿಸಿದ ಮೇಲೆ ಈ ಶೈಲಿ ಜಗತ್ತಿನಾದ್ಯಂತ ಹರಡಿತು. ಅದರ ಪಕ್ಕದಲ್ಲಿ ಕಪ್ಪು ಮಖಮಲ್ಲಿನ ಜಾಕೀಟು, ಕಸೂತಿ ಜಾಲರಿಯ ಕಾಲರಿನ ಫಾಂಟ್ಲರಾಯ್ ಸೂಟು. ಫ್ರಾನ್ಸಿಸ್ ಹಾಡ್ಗ್‌ಸನ್ ಬರ್ನೆಟ್ 1886ರಲ್ಲಿ ಪ್ರಕಟಿಸಿದ ಕಾದಂಬರಿಯ ಬಾಲನಾಯಕನನ್ನು ರೆಜಿನಾಲ್ಡ್ ಬರ್ಚ್ ಬರೆದ ಚಿತ್ರಗಳಲ್ಲಿ ಕಂಡ ತಾಯಂದಿರು ತಮ್ಮ ಮಕ್ಕಳಿಗೂ ಅದನ್ನೇ ತೊಡಿಸಿದರು. 1902ರಲ್ಲಿ ಬಸ್ಟರ್ ಬ್ರೌನ್ ಎಂಬ ತುಂಟ ಹುಡುಗನ ವ್ಯಂಗ್ಯಚಿತ್ರಮಾಲೆ ಪತ್ರಿಕೆಯಲ್ಲಿ ಬರತೊಡಗಿದಾಗ ಅವನ ಉದ್ದನೆಯ, ನಡುಪಟ್ಟಿಯ ಅಂಗಿ ಪುಟಗಳನ್ನು ತುಂಬಿತು. ಇವೆಲ್ಲ ಪೇಟೆಯ ಮೋಹಗಳು. ಹೊಲದ ಹುಡುಗನಿಗೆ ಬೇಕಾದದ್ದು ಬೇರೆ ಪುಟದಲ್ಲಿತ್ತು: ಎದೆಯ ಮೇಲೆ ಚೌಕ ತುಂಡು ಇದ್ದು, ಹೆಗಲಿನ ಪಟ್ಟಿಗಳಿಂದ ತೂಗುವ, ದಪ್ಪ ಡೆನಿಮ್ ಬಟ್ಟೆಯ ಓವರಾಲ್.

ಎಂಟರಿಂದ ಹದಿನೈದು ವರ್ಷದ ಹುಡುಗರ ಮುಖ್ಯ ಉಡುಪು ಮೊಣಕಾಲಿನ ಕೆಳಗೆ ಪಟ್ಟಿಯಿಂದ ಬಿಗಿದುಕೊಳ್ಳುವ ಸಡಿಲ ಚಡ್ಡಿ, ಅಂದರೆ ನಿಕ್ಕರ್‌ಬಾಕರ್. ಈ ಹೆಸರಿನ ಕಥೆ ಕನ್ನಡಿಗರಿಗೆ ಹತ್ತಿರದ್ದು. ವಾಷಿಂಗ್ಟನ್ ಇರ್ವಿಂಗ್ ಎಂಬ ಲೇಖಕ 1809ರಲ್ಲಿ ನ್ಯೂಯಾರ್ಕಿನ ವಿನೋದ ಇತಿಹಾಸವೊಂದನ್ನು ಡೀಡ್ರಿಕ್ ನಿಕ್ಕರ್‌ಬಾಕರ್ ಎಂಬ ಕಲ್ಪಿತ ಡಚ್ ಮುದುಕನ ಹೆಸರಿನಲ್ಲಿ ಪ್ರಕಟಿಸಿದ. ಆ ಪುಸ್ತಕಕ್ಕೆ ಮುಂದೆ ಬಂದ ಚಿತ್ರಗಳಲ್ಲಿ ಡಚ್ಚರು ತೊಟ್ಟಿದ್ದ ಸಡಿಲ ಚಡ್ಡಿಗೆ ಆ ಹೆಸರು ಅಂಟಿಕೊಂಡಿತು. ಅದು ಇಂಗ್ಲಿಷಿನಲ್ಲಿ ಮೊಟಕಾಗಿ, ಸಮುದ್ರ ದಾಟಿ ಭಾರತಕ್ಕೆ ಬಂದು, ಕನ್ನಡದಲ್ಲಿ ‘ನಿಕ್ಕರು’ ಆಗಿ ನಿಂತಿತು. ಮೈಸೂರು ಸೀಮೆಯಲ್ಲಿ ನಿಕ್ಕರು ಎನ್ನುವುದನ್ನು ಧಾರವಾಡ ಸೀಮೆಯಲ್ಲಿ ಮರಾಠಿಯ ನೆರೆಯಿಂದ ‘ಚಡ್ಡಿ’ ಎನ್ನುತ್ತಾರೆ. ಅಮೆರಿಕದ ಹುಡುಗರ ಸೂಟಿನೊಂದಿಗೆ ಒಂದೇ ಕೋಟು, ಎರಡು ನಿಕ್ಕರುಗಳನ್ನು ಕೊಡುವ ಪದ್ಧತಿಯೂ ಇತ್ತು. ಕೋಟಿಗಿಂತ ಮೊದಲು ಮೊಣಕಾಲು ಹರಿಯುತ್ತದೆ ಎಂಬುದು ಅಂಗಡಿಯವರಿಗೂ ತಾಯಂದಿರಿಗೂ ಸಮಾನವಾಗಿ ಗೊತ್ತಿದ್ದ ಸತ್ಯ. ಉದ್ದ ಪ್ಯಾಂಟು ಬಂತೆಂದರೆ ಹುಡುಗ ದೊಡ್ಡವನಾದ ಎಂದು ಅರ್ಥ. 1930ರ ದಶಕದಲ್ಲಿ ನಿಕ್ಕರು ಹಿಂದೆ ಸರಿಯಿತು, ಎರಡನೆಯ ಮಹಾಯುದ್ಧದ ಹೊತ್ತಿಗೆ ಸಣ್ಣ ಹುಡುಗರಿಗೂ ಉದ್ದ ಪ್ಯಾಂಟೇ ರೂಢಿಯಾಯಿತು. ಕ್ಯಾಟಲಾಗನ್ನು ಪೂರ್ತಿ ನಂಬುವಂತೆಯೂ ಇಲ್ಲ, ಏಕೆಂದರೆ ಅದರಲ್ಲಿರುವುದು ಮಾರಾಟಕ್ಕಿಟ್ಟ ಬಟ್ಟೆ. ಅಪ್ಪನ ಹಳೆಯ ಪ್ಯಾಂಟನ್ನು ಕತ್ತರಿಸಿ ಮಗನಿಗೆ ಹೊಲಿದದ್ದು, 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಹಿಟ್ಟಿನ ಚೀಲದ ಬಟ್ಟೆಯಿಂದ ಅಂಗಿ ಮಾಡಿದ್ದು, ಅಣ್ಣನ ಅಂಗಿ ತಮ್ಮನಿಗೆ ಇಳಿದದ್ದು ಅದರ ಯಾವ ಪುಟದಲ್ಲಿಯೂ ಇಲ್ಲ.

ಅಮೆರಿಕದ ಹತ್ತಿಗೂ ಯಮನೂರು ಸುತ್ತಲಿನ ಎರೆಭೂಮಿಗೂ ಹಳೆಯ ನಂಟಿದೆ. ಮಳೆಯ ನೀರನ್ನು ಹಿಡಿದಿಟ್ಟುಕೊಂಡು ಹಿಂಗಾರಿನವರೆಗೆ ಬೆಳೆಯನ್ನು ಕಾಯುವ ಕಪ್ಪು ಮಣ್ಣಿಗೆ ಇಲ್ಲಿ ಎರಿ ಎನ್ನುತ್ತಾರೆ; ನವಲಗುಂದ, ಅಣ್ಣಿಗೇರಿ, ಹುಬ್ಬಳ್ಳಿ ಸುತ್ತಿನ ಎರಿ ಹೊಲಗಳ ನಾಡಹತ್ತಿ ಕುಮಟಾ ಬಂದರಿನಿಂದ ಹಡಗು ಹತ್ತುತ್ತಿದ್ದುದರಿಂದ ವ್ಯಾಪಾರಿಗಳ ಬಾಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂದೇ ಹೆಸರು. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಹತ್ತಿ ಬೆಳೆಗಾರರನ್ನು ಕರೆಸಿ, ಹುಬ್ಬಳ್ಳಿ ಬಳಿಯ ಕುಸುಗಲ್ಲಿನಲ್ಲಿ ನ್ಯೂ ಆರ್ಲಿಯನ್ಸ್ ತಳಿಯ ಬೀಜವನ್ನು ಬಿತ್ತಿಸಿ ಪ್ರಯೋಗ ನಡೆಸಿತು. ಭಾರತದ ಅನೇಕ ಕಡೆ ಸೋತ ಆ ಬೀಜ ಇಲ್ಲಿ ಬೇರು ಬಿಟ್ಟು ‘ಧಾರವಾಡ ಅಮೆರಿಕನ್’ ಎಂಬ ಹೆಸರು ಪಡೆಯಿತು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಿಂದಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ನಿಂತುಹೋದಾಗ ಧಾರವಾಡ ಜಿಲ್ಲೆಯ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂತು, ಯುದ್ಧ ಮುಗಿಯುತ್ತಲೇ ಬಿದ್ದುಹೋಯಿತು. ಹತ್ತಿ ಇಲ್ಲಿಂದ ಹೋಗಿ ಬಟ್ಟೆಯಾಗಿ ಇಲ್ಲಿಗೇ ಬರುವ ವ್ಯಾಪಾರದಲ್ಲಿ ಹತ್ತಿ ಬೆಳೆದವನ ಮಗನಿಗೆ ದಕ್ಕಿದ್ದು ಮಾಂಜರಪಾಟ ಎಂಬ ಒರಟು ಬಟ್ಟೆ. ಸಂಶೋಧನೆಯ ಪರಂಪರೆ ಮಾತ್ರ ಧಾರವಾಡದಲ್ಲಿ ಮುಂದುವರಿದು, 1972ರಲ್ಲಿ ಡಾ. ಬಿ. ಎಚ್. ಕಟರಕಿ ಅವರು ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ ‘ವರಲಕ್ಷ್ಮಿ’ ಸಂಕರ ತಳಿಯನ್ನು ನಾಡಿಗೆ ಕೊಟ್ಟರು.

ಯಮನೂರಿನಂಥ ಊರಿನಲ್ಲಿ ಹುಡುಗನ ಮೊದಲ ಉಡುಪು ಅಂಗಡಿಯಿಂದ ಬರುತ್ತಿರಲಿಲ್ಲ, ತವರುಮನೆಯಿಂದ ಬರುತ್ತಿತ್ತು. ತೊಟ್ಟಿಲ ಕಾರ್ಯಕ್ಕೆ ಅಜ್ಜಿಯೂ ಸೋದರಮಾವನೂ ತರುವ ಕುಲಾವಿ, ಕುಂಚಿಗೆ, ಮೆತ್ತನೆಯ ಹಳೆಯ ಧೋತರದಿಂದ ಹೊಲಿದ ಜಬಲಾ ಇವು ಕೂಸಿನ ಮೊದಲ ಬಟ್ಟೆಗಳು. ಕುಲಾವಿ ಎಂದರೆ ತಲೆಯನ್ನೂ ಕಿವಿಗಳನ್ನೂ ಮುಚ್ಚಿ ಗದ್ದದ ಕೆಳಗೆ ಲಾಡಿಯಿಂದ ಕಟ್ಟುವ ಟೊಪ್ಪಿಗೆ. ಆ ಟೊಪ್ಪಿಗೆಗೆ ಬೆನ್ನ ಮೇಲೆ ಇಳಿಯುವ ಬಟ್ಟೆಯನ್ನು ಜೋಡಿಸಿದರೆ ಕುಂಚಿಗೆ. ಗುಳೇದಗುಡ್ಡದ ಖಣದಿಂದ ಮಾಡಿದ ಕುಂಚಿಗೆಯನ್ನು ಹತ್ತಿರದಿಂದ ನೋಡಿದರೆ ಅದರ ಹಿಂದಿರುವ ಲೆಕ್ಕಾಚಾರ ತಿಳಿಯುತ್ತದೆ. ರವಿಕೆಗೆಂದು ನೇಯ್ದ ಖಣದ ಅಗಲ ಕಡಿಮೆ, ಎರಡೂ ಬದಿಗೆ ಅಂಚು. ಹೊಲಿಯುವಾಕೆ ಅದನ್ನು ಕತ್ತರಿಸುವುದಕ್ಕಿಂತ ಹೆಚ್ಚಾಗಿ ಮಡಿಚುತ್ತಾಳೆ, ಅಂಚು ಕೂಸಿನ ಹಣೆಯ ಸುತ್ತ ಬರುವಂತೆ ತಿರುಗಿಸುತ್ತಾಳೆ, ನೆತ್ತಿಯ ಹಿಂದೆ ನೆರಿಗೆ ಹಿಡಿಯುತ್ತಾಳೆ. ಕೂಸಿನ ತಲೆ ದೊಡ್ಡದಾದಂತೆ ನೆರಿಗೆಯ ದಾರ ಬಿಚ್ಚಿದರೆ ಟೊಪ್ಪಿಗೆಯೂ ದೊಡ್ಡದಾಗುತ್ತದೆ. ಧಾರವಾಡದ ಕಸೂತಿ, ಅಂದರೆ ಬಟ್ಟೆಯ ಎಳೆಗಳನ್ನು ಎಣಿಸಿ ಗವಂತಿ, ಮುರಗಿ, ನೇಗಿ, ಮೆಂತ್ಯೆ ಎಂಬ ನಾಲ್ಕು ಬಗೆಯ ಹೊಲಿಗೆಗಳಿಂದ ಗೋಪುರ, ತೇರು, ಆನೆ, ನವಿಲುಗಳನ್ನು ಮೂಡಿಸುವ ಕಲೆ, ಇಳಕಲ್ ಸೀರೆಯ ಸೆರಗಿನ ಮೇಲೆ ಹೆಸರುವಾಸಿಯಾದರೂ ಕುಲಾವಿ ಕುಂಚಿಗೆಗಳ ಮೇಲೂ ಅಷ್ಟೇ ಪ್ರೀತಿಯಿಂದ ಅರಳಿದೆ.

ಜವಳ, ಅಂದರೆ ಹುಟ್ಟುಗೂದಲನ್ನು ದೇವರ ಮುಂದೆ ತೆಗೆಸುವ ಸಂಸ್ಕಾರ, ಆಗುವವರೆಗೆ ಅನೇಕ ಮನೆಗಳಲ್ಲಿ ಗಂಡು ಕೂಸಿಗೂ ಜಡೆ ಹಾಕಿ, ಹೂ ಮುಡಿಸಿ, ಹೆಣ್ಣು ಕೂಸಿನಂತೆ ಸಿಂಗರಿಸಿ ಫೋಟೋ ತೆಗೆಸುವ ರೂಢಿಯಿತ್ತು. ಅಮೆರಿಕದ ಪುಟ್ಟ ಹುಡುಗರ ನಿಲುವಂಗಿಯನ್ನು ಕಂಡು ಅಚ್ಚರಿಪಡುವ ಕನ್ನಡಿಗರ ಮನೆಯ ಆಲ್ಬಮ್ಮಿನಲ್ಲಿಯೇ ಅಂಥ ಚಿತ್ರವೊಂದು ಸಿಗಬಹುದು; ಎಳೆಯ ಕೂಸಿನ ಮೈಗೆ ಗಂಡು ಹೆಣ್ಣೆಂಬ ಭೇದವನ್ನು ಉಡುಪಿನಿಂದ ಹೇರುವ ಅವಸರ ಎರಡೂ ಕಡೆಯ ತಾಯಂದಿರಿಗೆ ಇರಲಿಲ್ಲ. ಜವಳವಾದ ಮೇಲೆ ಉಡದಾರವೊಂದೇ ಮೈಮೇಲಿದ್ದ ಓಣಿಯ ಆಟದ ದಿನಗಳು, ಬಳಿಕ ಲಂಗೋಟಿ, ಬಳಿಕ ಲಾಡಿ ಕಟ್ಟುವ ಪಟ್ಟಾಪಟ್ಟಿ ಚಡ್ಡಿ, ಮೇಲೆ ತೋಳಿನ ಅಂಗಿ ಅಥವಾ ಪೈರಣ. ಕೃಷಿ ಕೆಲಸಕ್ಕೆ ಬಿದ್ದ ಹುಡುಗನಿಗೆ ಚಲ್ಲಣ. ಮಳೆಗೂ ಚಳಿಗೂ ಕಂಬಳಿಯನ್ನು ಮೂಲೆಗೂಡಿಸಿ ತಲೆಯ ಮೇಲೆ ಹೊದ್ದ ಕೊಪ್ಪೆ. ಧೋತರ ಉಟ್ಟು ತಲೆಗೆ ರುಮಾಲು ಸುತ್ತಿದ ದಿನ ಅವನು ಹಿರಿಯರ ಸಾಲಿಗೆ ಸೇರುತ್ತಿದ್ದ; ಅಮೆರಿಕದಲ್ಲಿ ಉದ್ದ ಪ್ಯಾಂಟು ಹೇಳುತ್ತಿದ್ದ ಮಾತನ್ನೇ ಇಲ್ಲಿ ಧೋತರ ಹೇಳುತ್ತಿತ್ತು. ಮೊಹರಮ್ಮಿನಲ್ಲಿ ಹರಕೆ ಹೊತ್ತು ಬಣ್ಣದ ಲಾಡಿ ಹಾಕಿಕೊಂಡು ಫಕೀರನಾಗುವ ಹುಡುಗರಲ್ಲಿ ಹಿಂದೂಗಳೂ ಇರುತ್ತಾರೆ ಎಂಬುದು, ಒಬ್ಬನೇ ಸಂತನ ಗದ್ದುಗೆಯನ್ನು ಹಿಂದೂಗಳು ಚಾಂಗದೇವನೆಂದೂ ಮುಸ್ಲಿಮರು ರಾಜಾಬಾಗ್‌ಸವಾರನೆಂದೂ ಎರಡು ಹೆಸರಿನಿಂದ ನೆನೆಯುವ ಯಮನೂರಿನ ಭಕ್ತರಿಗೆ ವಿವರಿಸಿ ಹೇಳಬೇಕಾದ ಸಂಗತಿಯಲ್ಲ.

ಕ್ಯಾಟಲಾಗಿನ ಜಾಗದಲ್ಲಿ ಇಲ್ಲಿ ನಿಂತವನು ಶಿಂಪಿಗ. ವರ್ಷಕ್ಕೆ ಒಂದೋ ಎರಡೋ ಸಲ, ಪಂಚಮಿಗೆ, ದೀಪಾವಳಿಗೆ, ಊರ ಜಾತ್ರೆಗೆ, ಇಲ್ಲವೇ ಸಾಲೆ ತೆರೆಯುವ ಹೊತ್ತಿಗೆ, ಸಂತೆಯಿಂದ ತಂದ ಬಟ್ಟೆಯ ತುಂಡನ್ನು ಹಿಡಿದು ತಾಯಿ ಮಗನನ್ನು ಅವನ ಮುಂದೆ ನಿಲ್ಲಿಸುತ್ತಿದ್ದಳು. ತಿಳಿದವರ ಮನೆಯಲ್ಲಿ ಆ ಬಟ್ಟೆಯನ್ನು ಹಿಂದಿನ ರಾತ್ರಿಯೇ ಬಕೀಟಿನ ನೀರಿನಲ್ಲಿ ನೆನೆಯಿಟ್ಟು ಒಣಗಿಸಿರುತ್ತಿದ್ದರು, ಹೊಲಿದ ಮೇಲೆ ಕುಗ್ಗಿದರೆ ಹುಡುಗನಿಗೆ ಬಾರದೆಂದು. ಅಮೆರಿಕದಲ್ಲಿ ಇದೇ ಕೆಲಸಕ್ಕೆ ಸ್ಯಾನ್‌ಫರ್ಡ್ ಕ್ಲುವೆಟ್ ಎಂಬುವನು ಗಿರಣಿಯಲ್ಲೇ ಬಟ್ಟೆಯನ್ನು ಮೊದಲೇ ಕುಗ್ಗಿಸಿಬಿಡುವ ಯಂತ್ರವಿಧಾನವನ್ನು 1930ರ ಸುಮಾರಿಗೆ ರೂಪಿಸಿದ, ಕ್ಯಾಟಲಾಗುಗಳು ಅದರ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಮುದ್ರಿಸಿದವು. ಶಿಂಪಿಗನ ಟೇಪು ಹುಡುಗನ ಎದೆ, ಹೆಗಲು, ತೋಳು, ನಡುವನ್ನು ಅಳೆಯುವಾಗ ತಾಯಿ ಹೇಳುವ ಮಾತು ಜಿಲ್ಲೆಯ ಎಲ್ಲ ಊರುಗಳಲ್ಲಿಯೂ ಒಂದೇ: ‘ಬೆಳಿಯೋ ಹುಡುಗ್ರಿ, ಸ್ವಲ್ಪ ದೊಡ್ಡದ ಇಡ್ರಿ.’ ಈ ‘ಸ್ವಲ್ಪ’ವನ್ನು ಎಲ್ಲಿ ಇಡಬೇಕು ಎಂಬುದರಲ್ಲಿ ಶಿಂಪಿಗನ ವಿದ್ಯೆಯಿದೆ. ಹೆಗಲಿನಲ್ಲಿ ಇಟ್ಟರೆ ಅಂಗಿ ಜೋಲುತ್ತದೆ. ಆದ್ದರಿಂದ ಅವನು ಅಂಗಿಯ ಕೆಳಗಿನ ಮಡಿಕೆಯಲ್ಲಿ, ತೋಳಿನ ತುದಿಯಲ್ಲಿ, ಬಗಲಿನ ಒಳಹೊಲಿಗೆಯಲ್ಲಿ, ಚಡ್ಡಿಯ ಹಿಂಭಾಗದ ನಡುಹೊಲಿಗೆಯಲ್ಲಿ ಒಂದೆರಡು ಬೆರಳು ಬಟ್ಟೆಯನ್ನು ಬಚ್ಚಿಡುತ್ತಾನೆ. ಮುಂದಿನ ವರ್ಷ ಮಡಿಕೆ ಬಿಚ್ಚಿದಾಗ ಬಿಸಿಲು ಕಾಣದ ಆ ಪಟ್ಟಿ ಮಾತ್ರ ಹೊಸ ಬಣ್ಣದಲ್ಲಿ ಉಳಿದಿರುತ್ತದೆ, ಹುಡುಗ ಒಂದು ವರ್ಷದಲ್ಲಿ ಎಷ್ಟು ಬೆಳೆದ ಎಂಬುದಕ್ಕೆ ಅಂಗಿಯ ಮೇಲೆಯೇ ಗುರುತು ಬೀಳುತ್ತದೆ.

ಕ್ಯಾಟಲಾಗಿಗೆ ಈ ಸೌಕರ್ಯವಿರಲಿಲ್ಲ. ಕಾಣದ ಹುಡುಗನಿಗೆ ಬಟ್ಟೆ ಕಳಿಸಬೇಕಾದ ಕಂಪನಿ ವಯಸ್ಸನ್ನೇ ಅಳತೆಯೆಂದು ಹಿಡಿಯಿತು. ಎಂಟು ವರ್ಷದ ಹುಡುಗನೆಂದರೆ ಇಂತಿಷ್ಟು ಎದೆ, ಇಂತಿಷ್ಟು ನಡು. ಒಂದೇ ವಯಸ್ಸಿನ ಇಬ್ಬರು ಹುಡುಗರ ಮೈಕಟ್ಟು ಒಂದೇ ಆಗಿರುವುದಿಲ್ಲವಾದ್ದರಿಂದ ಬಟ್ಟೆಗಳು ದೊಡ್ಡ ಪ್ರಮಾಣದಲ್ಲಿ ಹಿಂದಿರುಗಿ ಬಂದವು. ಈ ತೊಡಕನ್ನು ಬಿಡಿಸಲು ಅಮೆರಿಕದ ಕೃಷಿ ಇಲಾಖೆಯ ಗೃಹಅರ್ಥಶಾಸ್ತ್ರ ವಿಭಾಗ 1930ರ ದಶಕದ ಕೊನೆಯಲ್ಲಿ ಸುಮಾರು 1,47,000 ಮಕ್ಕಳ ಮೈ ಅಳತೆಯನ್ನು ತೆಗೆದು, ರೂತ್ ಓಬ್ರಿಯನ್ ನೇತೃತ್ವದಲ್ಲಿ 1941ರಲ್ಲಿ ವರದಿ ಪ್ರಕಟಿಸಿತು. ಎತ್ತರ ಮತ್ತು ಸುತ್ತಳತೆಗಳಿಂದ ಅಳತೆಯನ್ನು ನಿರ್ಧರಿಸುವುದು ವಯಸ್ಸಿಗಿಂತ ಸರಿಯಾದ ದಾರಿಯೆಂದು ಅದು ತೋರಿಸಿತು. ಯಮನೂರಿನ ಶಿಂಪಿಗನಿಗೆ ಈ ತಿಳಿವಳಿಕೆ ಮೊದಲಿನಿಂದಲೂ ಇತ್ತು, ಅವನು ಹುಡುಗನ ವಯಸ್ಸನ್ನು ಕೇಳುತ್ತಲೇ ಇರಲಿಲ್ಲ. ಸಿದ್ಧ ಉಡುಪು ಬಡವರಿಗೆ ಅಗ್ಗವಾಗಿ ಒದಗಿದ್ದು ದೊಡ್ಡ ಉಪಕಾರವೇ ಸರಿ. ಆದರೆ ಮೈಗೆ ತಕ್ಕ ಬಟ್ಟೆಯ ಜಾಗದಲ್ಲಿ ಬಟ್ಟೆಗೆ ತಕ್ಕ ಮೈ ಇರಬೇಕೆಂಬ ಅಪೇಕ್ಷೆ ಅಲ್ಲಿಂದಲೇ ಹುಟ್ಟಿತು ಎಂಬುದನ್ನು ಮರೆಯಲಾಗದು.

ಅಂಚೆ ವ್ಯಾಪಾರ ಭಾರತಕ್ಕೆ ಅಪರಿಚಿತವಾಗಿರಲಿಲ್ಲ. ಪಾರ್ಸೆಲ್ ಕೈಗೆ ಬಂದಾಗ ಟಪಾಲಿನವನಿಗೆ ಹಣ ಕೊಡುವ ವಿ.ಪಿ.ಪಿ. ಪದ್ಧತಿ ಇಲ್ಲಿ 1877ರಲ್ಲಿಯೇ ಆರಂಭವಾಯಿತು, ಅಂದರೆ ಅಮೆರಿಕದ ಪಾರ್ಸೆಲ್ ಅಂಚೆಗಿಂತ 36 ವರ್ಷ ಮೊದಲು. ಕಲಕತ್ತೆಯಲ್ಲಿ 1882ರಲ್ಲಿ ಹುಟ್ಟಿದ ವೈಟ್‌ಅವೇ ಲೇಡ್ಲಾ, ಮುಂಬಯಿಯಲ್ಲಿ 1891ರಲ್ಲಿ ತೆರೆದ ಆರ್ಮಿ ಅಂಡ್ ನೇವಿ ಸ್ಟೋರ್ಸ್ ಮುಂತಾದವು ಕ್ಯಾಟಲಾಗು ಅಚ್ಚು ಹಾಕಿಸಿ ದೂರದೂರುಗಳಿಗೆ ಬಟ್ಟೆ ಕಳಿಸುತ್ತಿದ್ದವು. ಆದರೆ ಅವು ಇಂಗ್ಲಿಷ್ ಬಲ್ಲ ಅಧಿಕಾರಿಗಳಿಗೂ ಸ್ಥಿತಿವಂತರಿಗೂ ಮೀಸಲಾದವು. ಎರಿ ಸೀಮೆಯ ರೈತ ಹಣವನ್ನು ಕಾಣುತ್ತಿದ್ದುದು ಹತ್ತಿ ಮಾರಿದ ದಿನಗಳಲ್ಲಿ ಮಾತ್ರ; ಬಟ್ಟೆಯನ್ನು ಕೈಯಿಂದ ಮುಟ್ಟಿ ನೋಡದೆ, ಉದ್ರಿಯ ಭರವಸೆಯಿಲ್ಲದೆ, ಹೊಲಿದವನ ಪರಿಚಯವಿಲ್ಲದೆ ಅವನು ಕೊಳ್ಳುತ್ತಿರಲಿಲ್ಲ. ಕನ್ನಡ ಪತ್ರಿಕೆಗಳ ಜಾಹೀರಾತು ನೋಡಿ ವಿ.ಪಿ.ಯಲ್ಲಿ ತರಿಸುತ್ತಿದ್ದದ್ದು ಪಂಚಾಂಗ, ಪುಸ್ತಕ, ಔಷಧಿಗಳಂಥ ವಸ್ತುಗಳನ್ನು. ಅಮೆರಿಕದಿಂದ ಊರೊಳಗೆ ನಿಜವಾಗಿ ಬಂದದ್ದು ಉಡುಪಲ್ಲ, ಉಡುಪನ್ನು ಹೊಲಿಯುವ ಸಿಂಗರ್ ಯಂತ್ರ.

ಹುಡುಗರ ಉಡುಪನ್ನು ಏಕರೂಪಕ್ಕೆ ತಂದ ಕೆಲಸವನ್ನು ಇಲ್ಲಿ ಮಾಡಿದ್ದು ಸಾಲೆ ಮತ್ತು ಸ್ವಾತಂತ್ರ್ಯ ಚಳವಳಿ. ಖಾದಿಯ ಬಿಳಿ ಟೊಪ್ಪಿಗೆ ಜಿಲ್ಲೆಯ ಗಂಡಸರ ತಲೆಯನ್ನೇರಿದಾಗ ಹುಡುಗರ ತಲೆಯನ್ನೂ ಏರಿತು. ಧಾರವಾಡ ತಾಲೂಕಿನ ಗರಗ ಗ್ರಾಮ ರಾಷ್ಟ್ರಧ್ವಜದ ಖಾದಿಗೆ ಹೆಸರಾಯಿತು. 1957ರ ನವೆಂಬರ್ 1ರಂದು ಸ್ಥಾಪನೆಯಾಗಿ ಹುಬ್ಬಳ್ಳಿಯ ಬೆಂಗೇರಿಯಲ್ಲಿ ನೆಲೆಸಿದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಮುಂದೆ ಧ್ವಜ ತಯಾರಿಕೆಗೆ ಪ್ರಸಿದ್ಧವಾಯಿತು. ಖಾಕಿ ಚಡ್ಡಿಯದು ಇನ್ನೊಂದು ಕಥೆ. ಖಾಕ್ ಎಂದರೆ ಧೂಳು ಅಥವಾ ಮಣ್ಣು. 1850ರ ದಶಕದಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹಾಲರ್ ಆ ಬಣ್ಣದ ಬಟ್ಟೆಯನ್ನು ತಯಾರಿಸಿದನೆಂಬ ಹೆಗ್ಗಳಿಕೆ ಕರಾವಳಿಗಿದೆ. ಸೈನಿಕರಿಗಾಗಿ ಬಂದ ಈ ಬಣ್ಣ ಗಟ್ಟಿ ಡ್ರಿಲ್ ಬಟ್ಟೆಯಲ್ಲಿ ಸಾಲೆಯ ಹುಡುಗರ ಚಡ್ಡಿಯಾಗಿ ಊರೂರಿಗೆ ಹರಡಿತು. ಎರಿ ಮಣ್ಣಿನ ಕಲೆ ಬಿಳಿಯ ಅಂಗಿಯ ಮೇಲೆ ಕೂತಷ್ಟು ಖಾಕಿಯ ಮೇಲೆ ಎದ್ದು ಕಾಣುವುದಿಲ್ಲ, ಕೂತು ಎದ್ದು ಸವೆದ ಹಿಂಭಾಗಕ್ಕೆ ಜೋಡಿ ತೇಪೆ ಹಾಕಿದರೆ ಇನ್ನೊಂದು ವರ್ಷ ಬಾಳುತ್ತದೆ. ಸರ್ಕಾರಿ ಸಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಡಿ ಸಮವಸ್ತ್ರದ ಬಟ್ಟೆ ಉಚಿತವಾಗಿ ಸಿಗತೊಡಗಿದ ಮೇಲೂ ಅದನ್ನು ಹುಡುಗನ ಮೈಗೆ ಹೊಂದಿಸುವ ಕೆಲಸ ಊರ ಶಿಂಪಿಗನ ಪಾಲಿಗೆ ಉಳಿಯಿತು.

ಹರಿದ ಬಟ್ಟೆಯ ಕೊನೆಯ ನೆಲೆ ಕೌದಿ. ಹಳೆಯ ಸೀರೆ, ಧೋತರ, ಅಂಗಿ, ಚಡ್ಡಿಗಳನ್ನು ಪದರಪದರವಾಗಿ ಹಾಸಿ, ಮೇಲೆ ಚೌಕ ತ್ರಿಕೋನಗಳ ಚೂರುಗಳನ್ನು ಜೋಡಿಸಿ, ಅಂಚಿನಿಂದ ನಡುವಿನವರೆಗೆ ಸಾಲುಸಾಲಾಗಿ ದಪ್ಪ ದಾರದ ಹೊಲಿಗೆ ಹಾಕಿ ಮಾಡುವ ಹೊದಿಕೆ ಇದು. ನವಲಗುಂದದ ಜಮಖಾನೆಗೆ ದೇಶದ ಮಾನ್ಯತೆ ದೊರೆತು ಭೌಗೋಳಿಕ ಸೂಚಿ, ಅಂದರೆ ಆ ಊರಿನದೇ ಉತ್ಪನ್ನವೆಂಬ ಕಾನೂನಿನ ಗುರುತು, ಸಿಕ್ಕಿದೆ. ಮನೆಮನೆಯ ಕೌದಿಗೆ ಅಂಥ ಗೌರವ ಸಿಕ್ಕಿಲ್ಲ. ಆದರೆ ಉಡುಪಿನ ಇತಿಹಾಸಕ್ಕೆ ಕೌದಿ ಕೊಡುವ ಸಾಕ್ಷ್ಯ ಜಮಖಾನೆಯಲ್ಲಿಲ್ಲ. ಒಂದು ಹಳೆಯ ಕೌದಿಯಲ್ಲಿ ಪಟ್ಟಾಪಟ್ಟಿ ಚಡ್ಡಿಯ ಗೆರೆ, ಪಾಪ್ಲಿನ್ ಅಂಗಿಯ ಮಾಸಿದ ಹೂವು, ಖಾಕಿ ಡ್ರಿಲ್ಲಿನ ದಪ್ಪ ಚೂರು, ಒಗೆದರೂ ಬಣ್ಣ ಬಿಡದ ಟೆರಿಕಾಟಿನ ಹೊಳಪು ಪಕ್ಕಪಕ್ಕದಲ್ಲಿ ಕೂತಿರುತ್ತವೆ, ಮತ್ತು ಯಾವ ಚೂರು ಯಾವ ಮಗನ ಯಾವ ಅಂಗಿಯದು ಎಂಬುದನ್ನು ಹೊಲಿದ ಅಜ್ಜಿ ಬೆರಳಿಟ್ಟು ಹೇಳಬಲ್ಲಳು. ಅಮೆರಿಕದ ಕ್ಯಾಟಲಾಗು ತೋರಿಸದೆ ಬಿಟ್ಟ ಸಂಗತಿ, ಅಂದರೆ ಬಟ್ಟೆ ಮನೆಗೆ ಬಂದ ಮೇಲೆ ಏನಾಯಿತು ಎಂಬುದು, ಇಲ್ಲಿ ದಾರದಿಂದ ಬರೆದಿಟ್ಟಂತಿದೆ.

ಮಾಂಟ್ಗೊಮರಿ ವಾರ್ಡ್ ತನ್ನ ಕ್ಯಾಟಲಾಗನ್ನು 1985ರಲ್ಲಿ, ಸಿಯರ್ಸ್ ತನ್ನ ದೊಡ್ಡ ಪುಸ್ತಕವನ್ನು 1993ರಲ್ಲಿ ನಿಲ್ಲಿಸಿದವು. ಅಲ್ಲಿ ಮುಗಿದ ವ್ಯವಸ್ಥೆ ಫೋನಿನ ತೆರೆಯ ಮೇಲೆ ಹೊಸ ರೂಪ ತಾಳಿ ಈಗ ಎರಿ ಸೀಮೆಯ ಹಳ್ಳಿಗಳಿಗೂ ಬಂದಿದೆ. ಬೆಂಗಳೂರಿನಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್, ಮಿಂತ್ರಾ, ಮೀಶೋಗಳ ಮೂಲಕ ಮಗನ ಅಂಗಿಯನ್ನು ಆರಿಸುವ ತಾಯಿಯ ಮುಂದೆ ‘6–7 ವರ್ಷ’ ಎಂಬ ಅದೇ ಹಳೆಯ ವಯಸ್ಸಿನ ಅಳತೆ ನಿಂತಿದೆ, ಪಾರ್ಸೆಲ್ ಬಂದಾಗ ಹಣ ಕೊಡುವ ಪದ್ಧತಿಯಲ್ಲಿ ವಿ.ಪಿ.ಪಿ. ಮರಳಿ ಬಂದಿದೆ. ಭಾರತೀಯರ ಮೈಕಟ್ಟಿಗೆ ತಕ್ಕ ಅಳತೆಗಳನ್ನು ನಿರ್ಧರಿಸಲು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ಕೈಗೊಂಡ ಸಮೀಕ್ಷೆಯನ್ನು ಬೆಂಗಳೂರು ಸೇರಿದಂತೆ ಆರು ನಗರಗಳಲ್ಲಿ 15ರಿಂದ 65 ವರ್ಷದ 25,000ಕ್ಕೂ ಹೆಚ್ಚು ಜನರಿಗಾಗಿ ಯೋಜಿಸಲಾಯಿತು. ಹದಿನೈದಕ್ಕಿಂತ ಚಿಕ್ಕವರೂ ಹಳ್ಳಿಯವರೂ ಅದರ ಲೆಕ್ಕದ ಹೊರಗೆ ಉಳಿದರು. ಹಳ್ಳಿಯ ಹುಡುಗರ ಅಳತೆ ಎಲ್ಲಿಯಾದರೂ ಇದ್ದರೆ ಅದು ಶಿಂಪಿಗರ ನೋಟುಪುಸ್ತಕಗಳಲ್ಲಿದೆ: ಒಂದೊಂದು ಪುಟದಲ್ಲಿ ಹೆಸರು, ತಾರೀಖು, ಎದೆ, ತೋಳು, ಉದ್ದಗಳ ಅಂಕಿ, ಮೂಲೆಗೆ ಚುಚ್ಚಿದ ಬಟ್ಟೆಯ ಒಂದು ಚೂರು. ಒಬ್ಬನೇ ಹುಡುಗ ವರ್ಷವರ್ಷಕ್ಕೆ ಬೆಳೆದದ್ದನ್ನು, ಆ ವರ್ಷ ಊರಿನಲ್ಲಿ ಯಾವ ಬಟ್ಟೆ ನಡೆಯುತ್ತಿತ್ತು ಎಂಬುದನ್ನು ಇಷ್ಟು ಖಚಿತವಾಗಿ ಹೇಳುವ ದಾಖಲೆ ಸಿಯರ್ಸ್ ಕಂಪನಿಯ ಬಳಿಯೂ ಇರಲಿಲ್ಲ. ಶಿಂಪಿಗರ ಅಂಗಡಿ ಮುಚ್ಚಿದಾಗ ಆ ನೋಟುಪುಸ್ತಕಗಳು ರದ್ದಿಗೆ ಹೋಗುತ್ತಿವೆ. ಧಾರವಾಡದಲ್ಲಿ 1939ರಿಂದ ಇರುವ ಕನ್ನಡ ಸಂಶೋಧನ ಸಂಸ್ಥೆಯೂ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯವೂ ಅವುಗಳನ್ನು ಸಂಗ್ರಹಿಸುವ ಕೆಲಸಕ್ಕೆ ಕೈಹಾಕಬೇಕು. ಅದಕ್ಕೂ ಮೊದಲು, ನವಲಗುಂದ, ಅಣ್ಣಿಗೇರಿ, ಕುಂದಗೋಳ, ಕಲಘಟಗಿ ಸೀಮೆಯ ಮನೆಗಳಲ್ಲಿ ಟ್ರಂಕಿನ ತಳದಲ್ಲಿ ಕುಲಾವಿಯೋ ಕುಂಚಿಗೆಯೋ ಹಳೆಯ ಕೌದಿಯೋ ಇದ್ದರೆ, ಅದನ್ನು ಯಾರು ಹೊಲಿದರು, ಯಾವ ಕೂಸಿಗೆ, ಯಾವ ವರ್ಷ ಎಂದು ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದು ಅದರೊಳಗೆ ಇಡಬೇಕೆಂದು ಓದುಗರಲ್ಲಿ ವಿನಂತಿ.